ಮನೆವಾರ್ತೆಯ ವಿಜ್ಞಾನ: ಹೊಗೆಯಿಲ್ಲದ ಕೆಂಡ

ಹೊಗೆಯಾಡದ ಕೆಂಡದಿಂದ ಯಾವ ಕೇಡೂ ಇಲ್ಲವೆಂಬ ನಂಬಿಕೆಯು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನೆಲೆಗೊಂಡಿದೆ. ಹಸಿ ಸೌದೆಯ ಹೊಗೆಯು ಕಣ್ಣುರಿಸುವುದು, ಕೆಮ್ಮು ಬರಿಸುವುದು, ಗೋಡೆಗೆ ಮಸಿ ಹಿಡಿಸುವುದು. ಆದಕಾರಣ ಅದನ್ನು ಕಂಡರೆ ಎಲ್ಲರಿಗೂ ಕೋಪ. ಇದ್ದಿಲಾದರೋ ಒಮ್ಮೆ ಚೆನ್ನಾಗಿ ಹೊತ್ತಿಕೊಂಡಿತೆಂದರೆ ಹೊಗೆಯಿಲ್ಲ, ವಾಸನೆಯಿಲ್ಲ. ನಿಗಿನಿಗಿ ಹೊಳೆಯುತ್ತ ಸಾಧುವಿನಂತೆ ಕುಳಿತಿರುತ್ತದೆ. ಬಾಣಂತಿಯ ಕೋಣೆಗೆ ಅಗ್ಗಿಷ್ಟಿಕೆಯನ್ನು ತಂದಿಡುವುದೂ, ಥಂಡಿ ಗಾಳಿ ತಾಕದಂತೆ ಕಿಟಕಿ ಬಾಗಿಲುಗಳನ್ನು ಭದ್ರಪಡಿಸುವುದೂ ಹಿರಿಯರು ಪ್ರೀತಿಯಿಂದಲೇ ನಡೆಸಿಕೊಂಡು ಬಂದ ಪದ್ಧತಿ. ಉತ್ತರ ಕರ್ನಾಟಕದವರು ಶಿಗಡಿಯೆನ್ನುವುದೂ ಇದನ್ನೇ. ಹಿಂದಿನ ಹಂಚಿನ ಮನೆಗಳಲ್ಲಿ ಹಂಚಿನ ಸಂದಿನಿಂದಲೂ ಗವಾಕ್ಷಿಯಿಂದಲೂ ಗಾಳಿಯು ಹೇಗೋ ಓಡಾಡುತ್ತಿತ್ತು. ಈಗಿನ ತಾರಸಿ ಮನೆಯ ಕೋಣೆಯು ಗಾಜಿನ ಕಿಟಕಿಯನ್ನು ಎಳೆದುಬಿಟ್ಟರೆ ಡಬ್ಬಿಯಂತೆ ಮುಚ್ಚಿಕೊಳ್ಳುತ್ತದೆ. ಚಳಿಗಾಲದಲ್ಲಿ, ಮುಖ್ಯವಾಗಿ ಉತ್ತರ ಭಾರತದಲ್ಲಿ, ರಾತ್ರಿ ಕೆಂಡವನ್ನಿಟ್ಟುಕೊಂಡು ಮಲಗಿದ ಕುಟುಂಬವು ಬೆಳಿಗ್ಗೆ ಏಳಲಿಲ್ಲವೆಂಬ ಸುದ್ದಿಯನ್ನು ವರ್ಷವರ್ಷವೂ ಓದುತ್ತಿದ್ದೇವೆ. ನಮ್ಮ ನಾಡಿನಲ್ಲಿಯೂ ಮುಚ್ಚಿದ ಬಚ್ಚಲುಮನೆಯ ಗ್ಯಾಸ್ ಗೀಸರಿನಿಂದ ಇಂಥವೇ ಮರಣಗಳು ಸಂಭವಿಸಿವೆ.

ಇಂಥ ಸುದ್ದಿ ಬಂದಾಗಲೆಲ್ಲ ಜನರು ಕೊಡುವ ಕಾರಣ ಒಂದೇ: “ಕೆಂಡವು ಗಾಳಿಯನ್ನೆಲ್ಲ ತಿಂದುಬಿಟ್ಟಿತು, ಉಸಿರಿಗೆ ಗಾಳಿ ಸಾಲಲಿಲ್ಲ.” ಇದು ಸರಿಯಲ್ಲವೆಂಬುದನ್ನು ತೋರಿಸಲು ದೊಡ್ಡ ಪ್ರಯೋಗಶಾಲೆ ಬೇಕಾಗಿಲ್ಲ, ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯೇ ಸಾಕು. ಈ ತಿಂಗಳು ನಾವು ವಾಚಕರೊಡನೆ ಕುಳಿತು ಆ ಲೆಕ್ಕವನ್ನು ಮಾಡಬೇಕೆಂದಿದ್ದೇವೆ. ಗುಣಾಕಾರ ಭಾಗಾಕಾರಗಳು ಬಂದವರಿಗೆ ಇದರಲ್ಲಿ ಕಷ್ಟವೇನೂ ಇಲ್ಲ.

ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಒಂದು ಕೋಣೆಯನ್ನು ತೆಗೆದುಕೊಳ್ಳೋಣ. ಅದರಲ್ಲಿ ಸುಮಾರು ೨೮,೩೦೦ ಲೀಟರು ಗಾಳಿ ಹಿಡಿಯುತ್ತದೆ. ಗಾಳಿಯ ನೂರು ಪಾಲಿನಲ್ಲಿ ೨೧ ಪಾಲು ಆಮ್ಲಜನಕ. ಅಂದರೆ ಕೋಣೆಯಲ್ಲಿ ೫,೯೦೦ ಲೀಟರಿಗೂ ಮೇಲ್ಪಟ್ಟು ಆಮ್ಲಜನಕವಿದೆ. ಅಗ್ಗಿಷ್ಟಿಕೆಯಲ್ಲಿ ನೂರು ಗ್ರಾಂ ಇದ್ದಿಲು ಉರಿಯಿತೆನ್ನಿ. ಅದರಲ್ಲಿ ಬೂದಿ, ತೇವ ಮೊದಲಾದವುಗಳನ್ನು ಕಳೆದು ೮೦ ಗ್ರಾಂ ಶುದ್ಧ ಇಂಗಾಲವೆಂದು ಹಿಡಿಯೋಣ. ಹನ್ನೆರಡು ಗ್ರಾಂ ಇಂಗಾಲವು ಪೂರ್ತಿಯಾಗಿ ಉರಿಯಲು ಸುಮಾರು ೨೪.೫ ಲೀಟರು ಆಮ್ಲಜನಕ ಬೇಕು. ಎಂಬತ್ತು ಗ್ರಾಮಿಗೆ ಹೆಚ್ಚೆಂದರೆ ೧೬೩ ಲೀಟರು. ಐದು ಸಾವಿರದ ಒಂಬೈನೂರರಲ್ಲಿ ನೂರರವತ್ತಮೂರು ಹೋದರೆ ಏನಾಯಿತು? ಶೇಕಡ ೨೧ ಇದ್ದ ಆಮ್ಲಜನಕವು ಇಪ್ಪತ್ತೂವರೆಯ ಆಸುಪಾಸಿಗೆ ಇಳಿಯಿತು, ಅಷ್ಟೆ. ಬೆಟ್ಟದ ಮೇಲೆ ಮನೆ ಕಟ್ಟಿಕೊಂಡವರು ಇದಕ್ಕಿಂತ ತೆಳುವಾದ ಗಾಳಿಯನ್ನು ಜನ್ಮವೆಲ್ಲ ಉಸಿರಾಡಿ ಸುಖವಾಗಿರುತ್ತಾರೆ. ಹಾಳು ಬಾವಿಗೆ ಇಳಿಯುವ ಮೊದಲು ದೀಪವನ್ನು ಇಳಿಬಿಟ್ಟು ನೋಡುವ ಜಾಣತನವು ನಮ್ಮವರಿಗೆ ತಿಳಿದೇ ಇದೆ. ಆದರೆ ಈ ಕೋಣೆಯಲ್ಲಿ ದೀಪವು ಚೆನ್ನಾಗಿ ಉರಿಯುತ್ತಲೇ ಇರುತ್ತದೆ. ದೀಪವು ನಂದಾದೀಪದಂತೆ ಉರಿಯುತ್ತಿರುವಾಗಲೇ ಮನುಷ್ಯನು ನಂದಿಹೋಗುವನು. ಹೀಗಿರುವಲ್ಲಿ, ಕೊಲ್ಲುವುದು ಗಾಳಿಯಲ್ಲಿ ಕಡಿಮೆಯಾದ ವಸ್ತುವಲ್ಲ, ಹೊಸದಾಗಿ ಬಂದು ಸೇರಿದ ವಸ್ತು ಎಂದಾಯಿತು.

ಆ ವಸ್ತುವು ಯಾವುದು? ಇಂಗಾಲವು ಉರಿದಾಗ ಎರಡು ಬಗೆಯ ವಾಯುಗಳು ಹುಟ್ಟಬಹುದು. ಒಂದು ಇಂಗಾಲಕ್ಕೆ ಎರಡು ಆಮ್ಲಜನಕ ಕೂಡಿದರೆ ಇಂಗಾಲದ ಡಯಾಕ್ಸೈಡು. ಇದು ನಾವು ಪ್ರತಿ ಉಸಿರಿನಲ್ಲಿಯೂ ಹೊರಗೆ ಬಿಡುವ ವಾಯು. ಒಂದಕ್ಕೆ ಒಂದೇ ಕೂಡಿದರೆ ಇಂಗಾಲದ ಮಾನಾಕ್ಸೈಡು. ಇದನ್ನು ಅರೆಬೆಂದ ವಾಯುವೆಂದು ತಿಳಿದರೆ ತಪ್ಪಿಲ್ಲ; ಇನ್ನೊಂದು ಆಮ್ಲಜನಕ ದೊರೆತರೆ ಇದು ಮತ್ತೆ ಉರಿದು ಡಯಾಕ್ಸೈಡಾಗುವುದು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಣ್ಣು ಮೂಗುಗಳು ಇದರ ವಿಷಯದಲ್ಲಿ ನಮಗೆ ಯಾವ ಸುಳಿವನ್ನೂ ಕೊಡಲಾರವು.

ಅಗ್ಗಿಷ್ಟಿಕೆಯ ತಳದಲ್ಲಿ ಗಾಳಿಯು ಯಥೇಷ್ಟವಾಗಿ ಒಳಹೊಗುವುದರಿಂದ ಅಲ್ಲಿ ಹುಟ್ಟುವುದು ಬಹುಮಟ್ಟಿಗೆ ಡಯಾಕ್ಸೈಡೇ. ಆದರೆ ಅದು ಮೇಲಕ್ಕೆ ಬರಬೇಕಾದರೆ ಕೆಂಪಗೆ ಕಾದ ಇದ್ದಿಲ ಸಂದುಗಳಲ್ಲಿ ಹಾಯ್ದು ಬರಬೇಕಷ್ಟೆ. ಅಲ್ಲಿ ಕಾದ ಇಂಗಾಲವು ಅದರ ಒಂದು ಆಮ್ಲಜನಕವನ್ನು ಕಸಿದುಕೊಳ್ಳುತ್ತದೆ. ಒಂದು ಡಯಾಕ್ಸೈಡಿಗೆ ಒಂದು ಇಂಗಾಲ ಸೇರಿ ಎರಡು ಮಾನಾಕ್ಸೈಡುಗಳಾಗುತ್ತವೆ. ಇತ್ತ ಎರಡು ಮಾನಾಕ್ಸೈಡುಗಳು ಕೂಡಿ, ಒಂದು ಇಂಗಾಲವನ್ನು ಉದುರಿಸಿ, ಮತ್ತೆ ಡಯಾಕ್ಸೈಡಾಗುವುದೂ ಉಂಟು. ಹೋಗುವವರು ಬರುವವರು ಒಂದೇ ಸಂಖ್ಯೆಯಲ್ಲಿರುವ ಸಂತೆಯ ಬೀದಿಯಲ್ಲಿ ಜನಸಂದಣಿಯು ಹೇಗೆ ಹೆಚ್ಚದೆ ಕಡಿಮೆಯಾಗದೆ ಇರುವುದೋ ಹಾಗೆ, ಈ ಎರಡು ಕ್ರಿಯೆಗಳ ವೇಗವು ಸಮನಾದಾಗ ಎರಡು ವಾಯುಗಳ ಪ್ರಮಾಣವೂ ಒಂದು ಗೊತ್ತಾದ ಮಟ್ಟದಲ್ಲಿ ನಿಲ್ಲುತ್ತದೆ. ಇದಕ್ಕೇ ರಾಸಾಯನಿಕ ಸಮತೋಲವೆಂದು ಹೆಸರು.

ಈ ಮಟ್ಟವನ್ನು ಮುಂದಾಗಿ ಲೆಕ್ಕ ಹಾಕಬಹುದೆಂದು ತೋರಿಸಿದವರು ನಾರ್ವೆ ದೇಶದ ಇಬ್ಬರು ಪಂಡಿತರು: ಗಣಿತಜ್ಞನಾದ ಗುಲ್ಡ್‌ಬರ್ಗ್ ಮತ್ತು ರಸಾಯನಜ್ಞನಾದ ವಾಗೆ. ೧೮೬೪ರಲ್ಲಿ ಇವರು ತಮ್ಮ ನಿಯಮವನ್ನು ಹೊರಗೆಡಹಿದರು. ಇವರಿಬ್ಬರೂ ಅಕ್ಕತಂಗಿಯರನ್ನು ಮದುವೆಯಾಗಿದ್ದ ಷಡ್ಡಕರು. ಮುಂದೆ ವಾಗೆಯ ಹೆಂಡತಿ ತೀರಿಕೊಂಡ ಮೇಲೆ ಅವನು ಗುಲ್ಡ್‌ಬರ್ಗನ ತಂಗಿಯನ್ನೇ ಕೈಹಿಡಿದನು. ಷಡ್ಡಕರು ಒಟ್ಟಿಗೆ ಕುಳಿತು ಲೋಕೋಪಕಾರವಾದ ಕೆಲಸವನ್ನು ಮಾಡಿದ ನಿದರ್ಶನಗಳು ಅಪೂರ್ವವಾದುದರಿಂದ ಇದನ್ನಿಲ್ಲಿ ಹೇಳಿದೆವು. ಅವರ ನಿಯಮವನ್ನು ನಮ್ಮ ಕೆಂಡಕ್ಕೆ ಅನ್ವಯಿಸಿದರೆ ಹೀಗಾಗುತ್ತದೆ: ಎರಡೇ ವಾಯುಗಳು ಸೇರಿ ಸಾಧಾರಣ ಒತ್ತಡದಲ್ಲಿವೆಯೆಂದು ಭಾವಿಸಿ, ಮಾನಾಕ್ಸೈಡಿನ ಪಾಲನ್ನು ಅದರಿಂದಲೇ ಗುಣಿಸಿ, ಬಂದುದನ್ನು ಡಯಾಕ್ಸೈಡಿನ ಪಾಲಿನಿಂದ ಭಾಗಿಸಿದರೆ ದೊರೆಯುವ ಸಂಖ್ಯೆಯು, ಶಾಖವು ಒಂದೇ ಆಗಿರುವವರೆಗೂ, ಬದಲಾಗದು. ಇದನ್ನು ಸಮತೋಲಾಂಕವೆಂದು ಕರೆಯೋಣ. ೭೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಈ ಅಂಕವು ಸುಮಾರು ೦.೯.

ಹತ್ತರಲ್ಲಿ ಆರು ಪಾಲು ಮಾನಾಕ್ಸೈಡು, ನಾಲ್ಕು ಪಾಲು ಡಯಾಕ್ಸೈಡು ಎಂದಿಟ್ಟು ನೋಡಿರಿ. ೦.೬ನ್ನು ೦.೬ರಿಂದ ಗುಣಿಸಿದರೆ ೦.೩೬, ಅದನ್ನು ೦.೪ರಿಂದ ಭಾಗಿಸಿದರೆ ಸರಿಯಾಗಿ ೦.೯. ಎಂದರೆ ಮಂದವಾಗಿ ಕೆಂಪಗಿರುವ ಇದ್ದಿಲ ರಾಶಿಯಲ್ಲಿ, ಸಮತೋಲವು ಕೂಡಿಬಂದಿದ್ದರೆ, ಈ ಎರಡು ವಾಯುಗಳ ಪೈಕಿ ನೂರಕ್ಕೆ ಅರವತ್ತು ಪಾಲು ವಿಷವೇ ಆಯಿತು! ೬೦೦ ಡಿಗ್ರಿಗೆ ಇಳಿದರೆ ಅಂಕವು ಸುಮಾರು ೦.೦೮ ಆಗಿ ಮಾನಾಕ್ಸೈಡು ಕಾಲು ಭಾಗಕ್ಕೆ ಇಳಿಯುತ್ತದೆ. ೯೦೦ಕ್ಕೆ ಏರಿದರೆ ನೂರಕ್ಕೆ ತೊಂಬತ್ತೇಳನ್ನು ಮುಟ್ಟುತ್ತದೆ. ಗಾಳಿಯ ಸಾರಜನಕವು ನಡುವೆ ಬೆರೆತಿದ್ದರೆ ವಿಷದ ಪಾಲು ಇನ್ನೂ ಸ್ವಲ್ಪ ಏರುವುದೇ ಹೊರತು ಇಳಿಯುವುದಿಲ್ಲ. ೧೯ನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಬುಡುವಾರ್ ಎಂಬಾತನು ಈ ಸಮತೋಲವನ್ನು ಶ್ರಮವಹಿಸಿ ಶೋಧಿಸಿದನು. ಈಗಲೂ ಅದಕ್ಕೆ ಅವನ ಹೆಸರೇ ಇದೆ.

ಈ ಲೆಕ್ಕ ತಿಳಿಯದಿದ್ದ ಕಾಲದಲ್ಲಿ ಕಬ್ಬಿಣದ ಕಾರ್ಖಾನೆಯವರು ಹಣವನ್ನು ಸುರಿದು ಮೋಸಹೋದ ಕಥೆಯನ್ನು ಫ್ರಾನ್ಸಿನ ಲ ಶಾತೆಲಿಯೇ ಬರೆದಿಟ್ಟಿದ್ದಾನೆ. ಊದುಕುಲುಮೆಯ ಬಾಯಿಂದ ಬಹಳ ಮಾನಾಕ್ಸೈಡು ಹೊರಬೀಳುತ್ತಿರುವುದನ್ನು ಕಂಡು, ಅದುರಿನೊಡನೆ ಕೂಡಲು ಅದಕ್ಕೆ ಕಾಲ ಸಾಲದೆ ಹೀಗಾಯಿತೆಂದು ಊಹಿಸಿ, ಅವರು ಕುಲುಮೆಗಳನ್ನು ಮತ್ತೂ ಎತ್ತರವಾಗಿ ಕಟ್ಟಿಸಿದರು. ಕುಲುಮೆಯು ಎತ್ತರವಾಯಿತು, ವಾಯು ಮಾತ್ರ ಕಡಿಮೆಯಾಗಲಿಲ್ಲ. ಅಲ್ಲಿ ಕೊರತೆ ಕಾಲದ್ದಾಗಿರಲಿಲ್ಲ, ಸಮತೋಲವು ಅಲ್ಲಿಗೇ ನಿಂತಿತ್ತು. ನಮ್ಮ ಭದ್ರಾವತಿಯಲ್ಲಿ ೧೯೨೩ರಲ್ಲಿ ಕೆಲಸಕ್ಕೆ ತೊಡಗಿದ ಊದುಕುಲುಮೆಯೂ ಮಲೆನಾಡಿನ ಮರದ ಇದ್ದಿಲಿನಿಂದಲೇ ನಡೆಯುತ್ತಿತ್ತು. ಅದುರಿನಿಂದ ಆಮ್ಲಜನಕವನ್ನು ಕಿತ್ತು ಕಬ್ಬಿಣವನ್ನು ಬಿಡಿಸಿಕೊಡುತ್ತಿದ್ದುದು ಮುಖ್ಯವಾಗಿ ಇದೇ ಮಾನಾಕ್ಸೈಡು. ಅಲ್ಲಿ ಕೂಲಿಯಾಳು, ಇಲ್ಲಿ ಕೊಲೆಗಾರ.

ಕೆಂಡದ ಮೇಲೆ ಪುಟ್ಟ ಪುಟ್ಟ ನೀಲಿ ಜ್ವಾಲೆಗಳು ಕುಣಿಯುವುದನ್ನು ಗೃಹಿಣಿಯರೆಲ್ಲರೂ ಕಂಡಿರುವರು. ಅದು ಮಾನಾಕ್ಸೈಡು ಮೇಲಿನ ಗಾಳಿಯನ್ನು ಸೇರಿ ಉರಿದು ಡಯಾಕ್ಸೈಡಾಗುವ ದೃಶ್ಯ. ಆ ಜ್ವಾಲೆ ಇರುವಾಗ ವಿಷದ ಬಹುಭಾಗವು ಅಲ್ಲಿಯೇ ಸುಟ್ಟುಹೋಗುತ್ತದೆ. ಅಪಾಯವು ಹೆಚ್ಚುವುದು ಆ ಜ್ವಾಲೆ ಅಡಗಿದ ಮೇಲೆ. ಅಂದರೆ ಕೆಂಡದ ಮೇಲೆ ಹೊಸ ಇದ್ದಿಲನ್ನು ಸುರಿದಾಗ, ರಾತ್ರಿಯೆಲ್ಲ ಬೆಚ್ಚಗಿರಲೆಂದು ಬೂದಿಯನ್ನು ಮುಚ್ಚಿದಾಗ, ಮೇಲ್ಭಾಗವು ಆರಿ ಒಳಗೆ ಮಾತ್ರ ಕೆಂಪಗಿರುವಾಗ. ಆಗ ಒಳಗೆ ಹುಟ್ಟಿದ ವಾಯುವು ಉರಿಯದೆ ಹಾಗೆಯೇ ಕೋಣೆಗೆ ಬರುತ್ತದೆ. ಎಂದರೆ, ಮಲಗುವ ಮುನ್ನ ನಾವು ಬಹಳ ಎಚ್ಚರಿಕೆಯಿಂದ ಮಾಡುವ ಏರ್ಪಾಡೇ ಎಲ್ಲಕ್ಕಿಂತ ಕೆಟ್ಟದ್ದು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮೇಲಿನ ಅಂಕಗಳು ಇದ್ದಿಲೂ ವಾಯುವೂ ಸಾಕಷ್ಟು ಹೊತ್ತು ಜತೆಗಿದ್ದರೆ ಎಲ್ಲಿಗೆ ಮುಟ್ಟುವುದೆಂಬುದನ್ನು ಮಾತ್ರ ಹೇಳುತ್ತವೆ. ಕುಲುಮೆಯಂಥ ಎತ್ತರದ ರಾಶಿಯಲ್ಲಿ ಅದು ನಿಜಕ್ಕೆ ಹತ್ತಿರ. ಒಂದು ಗೇಣು ಆಳದ ಅಗ್ಗಿಷ್ಟಿಕೆಯಲ್ಲಿ ವಾಯುವು ಕ್ಷಣಾರ್ಧದಲ್ಲಿ ಹಾಯ್ದುಹೋಗುವುದರಿಂದ ಅಲ್ಲಿ ಅಷ್ಟು ವಿಷವು ಆಗದು. ಸಾಧಾರಣವಾಗಿ ಇದ್ದಿಲೊಲೆಗಳಲ್ಲಿ ಉರಿದ ಇಂಗಾಲದ ಹತ್ತರಲ್ಲಿ ಒಂದು ಪಾಲಾದರೂ ಮಾನಾಕ್ಸೈಡಾಗಿ ಹೊರಬೀಳುವುದೆಂದು ಹಿಡಿದರೆ ಅತಿಶಯೋಕ್ತಿಯಾಗದು. ಮುಂದೆ ನಾವು ಈ ಹತ್ತನೆಯ ಒಂದನ್ನೇ ಬಳಸುತ್ತೇವೆ.

ಇದಿರಲಿ, ಹೀಗೆ ಹೊರಬಿದ್ದ ವಾಯುವು ತಣ್ಣಗಾದ ಮೇಲೆ ಏನಾಗಬೇಕು? ಅದನ್ನೂ ಲೆಕ್ಕ ಕೇಳಿ ನೋಡೋಣ. ಕೋಣೆಯ ಶಾಖದಲ್ಲಿ, ೨೫ ಡಿಗ್ರಿಯಲ್ಲಿ, ಮಾನಾಕ್ಸೈಡೂ ಆಮ್ಲಜನಕವೂ ಕೂಡಿ ಡಯಾಕ್ಸೈಡಾಗುವ ಕ್ರಿಯೆಯ ಸಮತೋಲಾಂಕವು ಒಂದರ ಮುಂದೆ ನಲವತ್ತೈದು ಸೊನ್ನೆಗಳನ್ನು ಬರೆದರೆ ಬರುವಷ್ಟು ದೊಡ್ಡದು. ಗಾಳಿಯ ಆಮ್ಲಜನಕವನ್ನು ಗಣನೆಗೆ ತೆಗೆದುಕೊಂಡು ಭಾಗಿಸಿದರೆ, ಡಯಾಕ್ಸೈಡಿನ ಅಣುಗಳು ಐದರ ಮುಂದೆ ನಲವತ್ತನಾಲ್ಕು ಸೊನ್ನೆಗಳಷ್ಟಿದ್ದಾಗ ಮಾನಾಕ್ಸೈಡಿನ ಒಂದೇ ಒಂದು ಅಣು ಇರಬಹುದು. ಭೂಮಂಡಲವನ್ನು ಸುತ್ತುವರಿದ ಗಾಳಿಯಲ್ಲಿರುವ ಎಲ್ಲ ಬಗೆಯ ಅಣುಗಳನ್ನು ಸೇರಿಸಿದರೂ ಒಂದರ ಮುಂದೆ ನಲವತ್ತನಾಲ್ಕು ಸೊನ್ನೆ. ಅದರಲ್ಲಿ ಡಯಾಕ್ಸೈಡು ಹತ್ತು ಲಕ್ಷಕ್ಕೆ ೪೨೦ರ ಸುಮಾರು ಮಾತ್ರ. ಅಂದರೆ ಇಂಥ ಹತ್ತು ಸಾವಿರ ಭೂಮಿಗಳ ಗಾಳಿಯನ್ನು ಜಾಲಾಡಿದರೆ ಎಲ್ಲೋ ಒಂದು ಅಣು ಸಿಕ್ಕಿದರೆ ಸಿಕ್ಕೀತು! ಲೆಕ್ಕವು ಸರಿಯಾಗಿದೆ. ಆದರೆ ಊರು ಕೇರಿಗಳಿಂದ ದೂರವಾದ ಶುದ್ಧ ಗಾಳಿಯಲ್ಲಿಯೂ ಹತ್ತು ಲಕ್ಷಕ್ಕೆ ೦.೧ರ ಸುಮಾರು ಮಾನಾಕ್ಸೈಡು ಇದ್ದೇ ಇದೆ. ಅಗ್ಗಿಷ್ಟಿಕೆಯ ಕೋಣೆಯಲ್ಲಿ ಅದರ ಸಾವಿರಾರು ಪಾಲು.

ಹೀಗೇಕೆ? ಸಮತೋಲದ ಲೆಕ್ಕವು ಕೊನೆಗೆ ಸಲ್ಲಬೇಕಾದ ಮೊತ್ತವನ್ನು ಹೇಳುತ್ತದೆಯೇ ಹೊರತು ಸಲ್ಲುವ ದಿನವನ್ನು ಹೇಳುವುದಿಲ್ಲ. ಅದು ವಾಯಿದೆಯಿಲ್ಲದ ಸಾಲಪತ್ರ. ಅಟ್ಟದ ಮೇಲಿನ ಒಣ ಸೌದೆಯೂ ಲೆಕ್ಕದ ಪ್ರಕಾರ ಈಗಾಗಲೇ ಗಾಳಿಯೊಡನೆ ಕೂಡಿ ಬೂದಿಯಾಗಿರಬೇಕು. ಆದರೆ ಬೆಂಕಿಕಡ್ಡಿ ತಾಕುವವರೆಗೂ ಅದು ತಲೆಮಾರುಗಟ್ಟಲೆ ಹಾಗೆಯೇ ಇರುತ್ತದೆ. ಮಾನಾಕ್ಸೈಡಿನ ಗತಿಯೂ ಹೀಗೆಯೇ. ಕೆಂಡದ ಬಿಸಿಯಲ್ಲಿ ಕ್ಷಣಮಾತ್ರದಲ್ಲಿ ಹುಟ್ಟಿದ ಇದು, ಬಿಸಿಯಿಂದ ಹೊರಬಿದ್ದ ಕೂಡಲೇ ಹೆಪ್ಪುಗಟ್ಟಿದಂತೆ ಇದ್ದ ಸ್ಥಿತಿಯಲ್ಲಿಯೇ ನಿಂತುಬಿಡುತ್ತದೆ. ಬಯಲಿನ ಗಾಳಿಯಲ್ಲಿ ಬಿಸಿಲಿನಿಂದ ಹುಟ್ಟುವ ಚುರುಕು ಕಣಗಳು ಇದನ್ನು ಸುಟ್ಟು ಮುಗಿಸಲು ಒಂದೆರಡು ತಿಂಗಳು ಹಿಡಿಯುತ್ತದೆ. ಮಲಗುವ ಕೋಣೆಯಲ್ಲಿ ಆ ನೆರವೂ ಇಲ್ಲ. ಹೊರಗೆ ಹೋಗಲು ದಾರಿಯಿದ್ದರೆ ಹೋದೀತು, ಇಲ್ಲದಿದ್ದರೆ ಬೆಳಗಿನವರೆಗೂ ಅಲ್ಲಿಯೇ.

ಗ್ಯಾಸ್ ಒಲೆಯ ಮನೆಯವರು ತಮಗೂ ಈ ಲೆಕ್ಕಕ್ಕೂ ಸಂಬಂಧವಿಲ್ಲವೆಂದು ಭಾವಿಸಬಾರದು. ಗಾಳಿಯ ಸಾರಜನಕವೂ ಆಮ್ಲಜನಕವೂ ಕೂಡಿ ನೈಟ್ರಿಕ್ ಆಕ್ಸೈಡೆಂಬ ವಾಯುವಾಗುವುದುಂಟು. ತಣ್ಣನೆಯ ಗಾಳಿಯಲ್ಲಿ ಸಮತೋಲದ ಲೆಕ್ಕವು ಇದಕ್ಕೆ ಕೊಡುವ ಪ್ರಮಾಣವು ಒಂದು ಘನ ಸೆಂಟಿಮೀಟರಿಗೆ ಆರೇಳು ಸಾವಿರ ಅಣುಗಳು, ಎಂದರೆ ಏನೂ ಇಲ್ಲವೆಂದೇ ಅರ್ಥ. ಆದರೆ ಗಾಳಿಯನ್ನು ೧೭೦೦ ಡಿಗ್ರಿಗೆ ಕಾಯಿಸಿದರೆ ಅದೇ ಲೆಕ್ಕವು ಸಾವಿರಕ್ಕೆ ಏಳೆಂಟು ಪಾಲೆನ್ನುತ್ತದೆ. ಜ್ವಾಲೆಯಲ್ಲಿ ಹುಟ್ಟಿದ ಸ್ವಲ್ಪ ಭಾಗವು ಥಟ್ಟನೆ ತಣ್ಣಗಾಗಿ ಹಿಂದಕ್ಕೆ ಹೋಗಲಾರದೆ ಉಳಿದುಬಿಡುತ್ತದೆ. ಮೋಟಾರುಗಳ ಹೊಗೆಯಲ್ಲಿಯೂ ಇದೇ ನಡೆಯುವುದು. ಇದು ನಿದ್ದೆಯಲ್ಲಿ ಕೊಲ್ಲುವ ವಿಷವಲ್ಲವಾದರೂ, ಇದರಿಂದ ಮುಂದೆ ಹುಟ್ಟುವ ಡಯಾಕ್ಸೈಡು ಮಕ್ಕಳ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಅಡಿಗೆಮನೆಯ ಗಾಳಿತೂಬನ್ನು ಮುಚ್ಚದಿರಲು ಇಷ್ಟು ಕಾರಣ ಸಾಕು. ನಾವು ಮತ್ತೆ ಬಾಣಂತಿಯ ಕೋಣೆಗೆ ಹೋಗೋಣ.

ಎಂಬತ್ತು ಗ್ರಾಂ ಇಂಗಾಲವು ಉರಿದರೆ ಒಟ್ಟು ೧೬೩ ಲೀಟರು ವಾಯು ಹುಟ್ಟುವುದಷ್ಟೆ. ಅದರ ಹತ್ತನೆಯ ಒಂದು ಪಾಲು, ೧೬ ಲೀಟರಿಗೆ ಸ್ವಲ್ಪ ಮೇಲೆ, ಮಾನಾಕ್ಸೈಡು. ೨೮,೩೦೦ ಲೀಟರು ಗಾಳಿಯಲ್ಲಿ ಇದು ಕಲೆತರೆ ಹತ್ತು ಲಕ್ಷ ಪಾಲಿಗೆ ೫೭೬, ಸುಮಾರಾಗಿ ೫೮೦ ಪಾಲು. ಶೇಕಡ ಲೆಕ್ಕದಲ್ಲಿ ಹೇಳಿದರೆ ೦.೦೫೮. ಇಷ್ಟು ಅಲ್ಪವಾದುದು ಏನು ಮಾಡೀತೆಂದು ತೋರುವುದು ಸಹಜ. ಒಂದು ಕೊಡ ನೀರಿಗೆ ಒಂದು ಚಮಚದಷ್ಟೂ ಆಗಲಿಲ್ಲವಲ್ಲ! ಆದರೆ ನಮ್ಮ ರಕ್ತಕ್ಕೂ ಈ ವಾಯುವಿಗೂ ಇರುವ ಸೆಳೆತವು ಬಹಳ ದೊಡ್ಡದು.

ರಕ್ತದ ಕೆಂಪು ವಸ್ತುವಾದ ಹಿಮೊಗ್ಲೋಬಿನ್ನು ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹೊತ್ತುಕೊಂಡು ಹೋಗಿ ಅಂಗಾಂಗಗಳಿಗೆ ಇಳಿಸಿ ಬರುತ್ತದೆ. ಮಾನಾಕ್ಸೈಡು ಅದೇ ಜಾಗದಲ್ಲಿ ಹತ್ತಿ ಕುಳಿತು ಆಮ್ಲಜನಕವನ್ನು ಹೊರಗೆ ನೂಕುವುದೆಂದು ಫ್ರಾನ್ಸಿನ ಕ್ಲೋದ್ ಬೆರ್ನಾರನು ೧೮೫೭ರಲ್ಲಿ ಪ್ರಕಟಿಸಿದನು. ಇದೂ ಒಂದು ಸಮತೋಲವೇ. ಇದರ ಅಂಕವನ್ನು ಗೊತ್ತುಪಡಿಸಿದವನು ಸ್ಕಾಟ್ಲೆಂಡಿನ ಜಾನ್ ಸ್ಕಾಟ್ ಹಾಲ್ಡೇನ್. ಅವನೂ ಅವನ ಸಂಗಡಿಗರೂ ೧೯೧೨ರಲ್ಲಿ ಬರೆದ ಸೂತ್ರವು ಇಷ್ಟೆ: ರಕ್ತದಲ್ಲಿ ಮಾನಾಕ್ಸೈಡು ಹಿಡಿದ ಭಾಗಕ್ಕೂ ಆಮ್ಲಜನಕ ಹಿಡಿದ ಭಾಗಕ್ಕೂ ಇರುವ ಪ್ರಮಾಣವು, ಉಸಿರಿನ ಗಾಳಿಯಲ್ಲಿ ಅವುಗಳಿಗಿರುವ ಪ್ರಮಾಣದ ಸುಮಾರು ೨೨೦ರಷ್ಟು. ಅಂದರೆ ಬಾಗಿಲಲ್ಲಿ ೨೨೦ ಆಮ್ಲಜನಕದ ಅಣುಗಳು ನಿಂತಿದ್ದರೂ ಒಂದೇ ಒಂದು ಮಾನಾಕ್ಸೈಡು ಅವೆಲ್ಲವುಗಳಿಗೆ ಸಮನಾಗಿ ಜಾಗವನ್ನು ಗಿಟ್ಟಿಸಿಕೊಳ್ಳುವುದು. ಶ್ವಾಸಕೋಶದ ಒಳಗಿನ ಗಾಳಿಯಲ್ಲಿ ಆಮ್ಲಜನಕವು ಶೇಕಡ ೧೩ರ ಸುಮಾರು. ಹದಿಮೂರನ್ನು ೨೨೦ರಿಂದ ಭಾಗಿಸಿರಿ: ೦.೦೫೯. ಗಾಳಿಯಲ್ಲಿ ಇಷ್ಟು ಮಾನಾಕ್ಸೈಡಿದ್ದರೆ ಸಮತೋಲದಲ್ಲಿ ರಕ್ತದ ಅರ್ಧವು ವಿಷದ ವಶವಾಗುತ್ತದೆ. ನಮ್ಮ ಕೋಣೆಯಲ್ಲಿ ಇರುವುದು ೦.೦೫೮!

ಇದೇ ಸೂತ್ರದಿಂದ, ಹತ್ತು ಲಕ್ಷಕ್ಕೆ ನೂರು ಪಾಲಿದ್ದರೆ ರಕ್ತದ ನೂರಕ್ಕೆ ಹದಿನಾಲ್ಕು ಹದಿನೈದು ಭಾಗ ಹೋಗುತ್ತದೆ. ಒಂಬತ್ತು ಪಾಲಿದ್ದರೆ ಒಂದೂವರೆ ಭಾಗ. ವಿಶ್ವ ಆರೋಗ್ಯ ಸಂಸ್ಥೆಯು ಎಂಟು ಗಂಟೆಗಳ ಕಾಲಕ್ಕೆ ಇರಬಹುದೆಂದು ಹೇಳುವ ಮಿತಿಯು ಈ ಒಂಬತ್ತರ ಸುಮಾರಿನದು. ರಕ್ತದಲ್ಲಿ ಹತ್ತು ಇಪ್ಪತ್ತು ಭಾಗ ಹೋದರೆ ತಲೆನೋವು; ಮೂವತ್ತು ನಲವತ್ತಕ್ಕೆ ತಲೆಸುತ್ತು, ವಾಂತಿ, ಕಾಲುಗಳಲ್ಲಿ ನಿಶ್ಶಕ್ತಿ; ಅರ್ಧವನ್ನು ಮೀರಿದರೆ ಪ್ರಜ್ಞೆ ತಪ್ಪುವುದು, ಪ್ರಾಣವೂ ಹೋಗಬಹುದು. ಕಾಲಿನ ಶಕ್ತಿಯು ಮೊದಲು ಹೋಗುವುದೆಂಬುದು ಬಹು ಕ್ರೂರವಾದ ಸಂಗತಿ. ಅಪಾಯವು ಅರಿವಾದರೂ ಎದ್ದು ಬಾಗಿಲು ತೆರೆಯಲಾರದೆ ಬಿದ್ದವರುಂಟು.

ಹಾಲ್ಡೇನನು ಈ ಲಕ್ಷಣಗಳನ್ನು ಪುಸ್ತಕದಿಂದ ಕಲಿತವನಲ್ಲ. ತಾನೇ ಈ ವಾಯುವನ್ನು ಉಸಿರಾಡಿ, ಆಗಾಗ್ಗೆ ತನ್ನ ಬೆರಳಿನ ರಕ್ತವನ್ನು ಪರೀಕ್ಷಿಸುತ್ತ, ಅರ್ಧವನ್ನು ಮೀರುವವರೆಗೂ ಕುಳಿತಿದ್ದು ೧೮೯೫ರಲ್ಲಿ ಅದನ್ನು ಪ್ರಕಟಿಸಿದವನು. ಮರುವರ್ಷ ವೇಲ್ಸಿನ ಟೈಲರ್ಸ್‌ಟೌನ್ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಗಿ ೫೭ ಮಂದಿ ಸತ್ತಾಗ ಅಲ್ಲಿಗೆ ಹೋಗಿ, ಬಹುಪಾಲು ಜನ ಸತ್ತದ್ದು ಸ್ಫೋಟದಿಂದಲ್ಲ, ಆಮೇಲೆ ಹಬ್ಬಿದ ಮಾನಾಕ್ಸೈಡಿನಿಂದ ಎಂದು ತೋರಿಸಿಕೊಟ್ಟನು. ಗಣಿಗೆ ಇಳಿಯುವವರು ಚಿಕ್ಕ ಪ್ರಾಣಿಯೊಂದನ್ನು ಜತೆಗೆ ಒಯ್ಯಬೇಕೆಂದು ಸಲಹೆ ಕೊಟ್ಟವನೂ ಅವನೇ. ಇಲಿಮರಿ, ಕೆನರಿ ಹಕ್ಕಿಗಳು ದೇಹದ ತೂಕಕ್ಕೆ ಹೋಲಿಸಿದರೆ ನಮಗಿಂತ ಬಹು ವೇಗವಾಗಿ ಉಸಿರಾಡುವುದರಿಂದ ಅವುಗಳ ರಕ್ತವು ಸಮತೋಲಕ್ಕೆ ಬೇಗನೆ ಮುಟ್ಟುತ್ತದೆ; ಮನುಷ್ಯನು ಬೀಳುವುದಕ್ಕೆ ಬಹಳ ಮೊದಲೇ ಹಕ್ಕಿಯು ಬೀಳುವುದು. ಬ್ರಿಟನ್ನಿನ ಗಣಿಗಳು ೧೯೮೬ರಲ್ಲಿ ಹಕ್ಕಿಯನ್ನು ಬಿಟ್ಟು ಯಂತ್ರವನ್ನು ಹಿಡಿದವು. ನಮ್ಮ ಕೋಣೆಯಲ್ಲಿ ಹಕ್ಕಿಯಿಲ್ಲ. ಆದರೆ ಪಕ್ಕದಲ್ಲಿ ಮಲಗಿರುವ ಕೂಸಿನ ಉಸಿರು ತಾಯಿಯ ಉಸಿರಿಗಿಂತ ಎರಡು ಮೂರು ಪಾಲು ವೇಗವಾದುದು. ಹಕ್ಕಿಯ ಮಾತು ಕೂಸಿಗೂ ಸಲ್ಲುತ್ತದೆ. ಇನ್ನೂ ಹುಟ್ಟದ ಶಿಶುವಿನ ರಕ್ತವಾದರೋ ಕಟ್ಟಕಡೆಗೆ ತಾಯಿಯ ರಕ್ತಕ್ಕಿಂತಲೂ ಹೆಚ್ಚು ವಿಷವನ್ನು ಹಿಡಿದಿಡುವುದು.

ವಿಶ್ರಾಂತಿಯಲ್ಲಿರುವ ದೊಡ್ಡವರ ರಕ್ತವು ಈ ಸಮತೋಲವನ್ನು ಮುಟ್ಟಲು ಹಲವು ಗಂಟೆಗಳು ಬೇಕು. ಸಂಜೆ ಅರ್ಧ ಗಂಟೆ ಕೆಂಡದ ಮುಂದೆ ಕುಳಿತು ಎದ್ದುಹೋದ ಅಜ್ಜನಿಗೆ ಏನೂ ಆಗದಿದ್ದುದೂ, ಅದೇ ಕೆಂಡದೊಡನೆ ರಾತ್ರಿಯೆಲ್ಲ ಮಲಗಿದ ಮೊಮ್ಮಗನು ಸತ್ತುದೂ ಇದರಿಂದಲೇ. “ನಮ್ಮ ಕಾಲದಲ್ಲಿ ಎಲ್ಲರೂ ಹೀಗೆಯೇ ಕಾಸಿಕೊಳ್ಳುತ್ತಿದ್ದೆವು” ಎಂಬ ಹಿರಿಯರ ಮಾತು ಸುಳ್ಳಲ್ಲ. ಅವರು ಹಂಚಿನ ಸಂದಿಗೆ ಕೃತಜ್ಞರಾಗಿರಬೇಕು.

ಹಾಗಾದರೆ ಕಿಟಕಿಯನ್ನು ಸ್ವಲ್ಪ ತೆರೆದರೆ ಸಾಲದೆ ಎಂದು ಕೇಳಬಹುದು. ಗಂ‌ಟೆಗೆ ನೂರು ಗ್ರಾಂ ಇದ್ದಿಲು ಉರಿಯುತ್ತ, ಕೋಣೆಯ ಗಾಳಿಯು ಗಂಟೆಗೆ ಒಂದು ಸಲ ಪೂರ್ತಿಯಾಗಿ ಬದಲಾಗುತ್ತಿದ್ದರೆ, ವಿಷವು ಏರಿ ಏರಿ ೫೮೦ರ ಹತ್ತಿರವೇ ನಿಲ್ಲುವುದು. ಗಂಟೆಗೆ ಹತ್ತು ಸಲ ಬದಲಾದರೆ ೫೮ಕ್ಕೆ ಇಳಿಯುವುದು. ಆಗಲೂ ರಕ್ತದ ನೂರಕ್ಕೆ ಒಂಬತ್ತು ಭಾಗದ ಮೇಲೆ ಅದರ ಕೈ ಇರುತ್ತದೆ. ಹತ್ತು ಸಲ ಗಾಳಿ ಬದಲಾಗುವ ಕೋಣೆಯಲ್ಲಿ ಬೆಚ್ಚಗಿರುವುದಾದರೂ ಹೇಗೆ? ಆದಕಾರಣ ನಮ್ಮ ಅಭಿಪ್ರಾಯವು ಇಷ್ಟು: ಕೆಂಡದಲ್ಲಿ ಬಟ್ಟೆಯನ್ನೋ ಇಟ್ಟಿಗೆಯನ್ನೋ ಹೊರಗೆ ಕಾಸಿ ಒಳಗೆ ತರಬಹುದು, ಬಿಸಿನೀರಿನ ಚೀಲವನ್ನು ಉಪಯೋಗಿಸಬಹುದು, ಕೆಂಡವು ಮಾತ್ರ ಮಲಗುವ ಕೋಣೆಯೊಳಗೆ ಬರಕೂಡದು. ಗ್ಯಾಸ್ ಗೀಸರು ಬಚ್ಚಲುಮನೆಯ ಹೊರಗೆ, ಗಾಳಿಯಾಡುವ ಕಡೆ ಇರಬೇಕು. ಮಾನಾಕ್ಸೈಡನ್ನು ಕಂಡುಹಿಡಿದು ಕೂಗುವ ಚಿಕ್ಕ ಯಂತ್ರಗಳು ಈಗ ದೊರೆಯುತ್ತವೆ. ಕೊಂಡರೆ ಒಳ್ಳೆಯದೇ, ಆದರೆ ಅದಿದೆಯೆಂದು ಅಗ್ಗಿಷ್ಟಿಕೆಯನ್ನು ಒಳಕ್ಕೆ ತರುವುದು ಬೇಡ.

ಯಾರಾದರೂ ಹೀಗೆ ಬಿದ್ದಿರುವುದು ಕಂಡರೆ ಬಾಗಿಲು ಕಿಟಕಿಗಳನ್ನು ತೆರೆದು, ತಾವು ಅಲ್ಲಿ ನಿಲ್ಲದೆ, ಅವರನ್ನು ಬಯಲಿಗೆ ಎಳೆದು ತಂದು ೧೦೮ಕ್ಕೆ ಕರೆಮಾಡಬೇಕು. ಹತ್ತಿದ ಸಮತೋಲವು ಇಳಿಯಲೂಬಲ್ಲದು. ಬರಿಯ ಗಾಳಿಯಲ್ಲಿ ರಕ್ತದ ವಿಷವು ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆಗಳು ಹಿಡಿದರೆ, ಶುದ್ಧ ಆಮ್ಲಜನಕವನ್ನು ಕೊಟ್ಟಾಗ ಸುಮಾರು ಒಂದೂಕಾಲು ಗಂಟೆ ಸಾಕು; ಹಾಲ್ಡೇನನ ಸೂತ್ರದಲ್ಲಿ ಆಮ್ಲಜನಕದ ಕಡೆಯ ತಟ್ಟೆಗೆ ಭಾರವನ್ನು ಹೆಚ್ಚಿಸಿದಂತಾಯಿತು. ಎಚ್ಚರಗೊಂಡು ಮಾತನಾಡುವವರನ್ನೂ ಆಸ್ಪತ್ರೆಗೆ ಒಯ್ಯಲೇಬೇಕು, ಏಕೆಂದರೆ ಮರೆವು, ಬುದ್ಧಿಮಾಂದ್ಯ ಮೊದಲಾದ ತೊಂದರೆಗಳು ದಿನಗಳೋ ವಾರಗಳೋ ಕಳೆದ ಮೇಲೆ ತಲೆದೋರುವುದುಂಟು. ೨೦೨೦ರ ಸಾಂಕ್ರಾಮಿಕದ ಕಾಲದಲ್ಲಿ ಕೊಂಡ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಅನೇಕ ಮನೆಗಳಲ್ಲಿದೆ. ಅದು ಕೆಂಪು ಬಣ್ಣವನ್ನು ನೋಡಿ ಲೆಕ್ಕ ಹೇಳುವ ಯಂತ್ರ. ಮಾನಾಕ್ಸೈಡು ಹತ್ತಿದ ರಕ್ತವೂ ಕೆಂಪಗೆಯೇ ಇರುವುದರಿಂದ ಎರಡನ್ನೂ ಒಂದೇ ಎಂದು ಎಣಿಸಿ, ಸಾಯುತ್ತಿರುವವನ ಬೆರಳಿನಲ್ಲಿಯೂ ೯೮ನ್ನು ತೋರಿಸಬಲ್ಲದು. ಅದನ್ನು ನೋಡಿ ಸಮಾಧಾನ ಪಡಬಾರದು. ಆಸ್ಪತ್ರೆಯಲ್ಲಿ ರಕ್ತವನ್ನು ತೆಗೆದು ಬೇರೊಂದು ಯಂತ್ರದಿಂದ ಅಳೆಯುವರು; ಆದರೆ ಹಾಗೆ ಅಳೆಯಬೇಕೆಂದು ವೈದ್ಯರಿಗೆ ಹೊಳೆಯಬೇಕಾದರೆ, ರಾತ್ರಿ ಕೋಣೆಯಲ್ಲಿ ಕೆಂಡವಿತ್ತೆಂಬ ಮಾತನ್ನು ಜತೆಗೆ ಹೋದವರು ಮೊದಲೇ ಹೇಳಬೇಕು.